ಕೂಸಿನ ಜೊತೆ ದೇಶ ಬಿಡುವುದಾ, ಇಲ್ಲೇ ಇರುವುದಾ? ಮದುವೆ ಮುರಿದಾಗ ಮುಂದಿರುವ ದಾರಿಗಳು

ಮದುವೆ ಮುರಿದುಬಿದ್ದಾಗ ಮೊದಲು ಅನ್ನಿಸುವುದು "ಇಲ್ಲಿಂದ ಹೊರಟುಬಿಡಬೇಕು" ಅಂತ. ಕೈಯಲ್ಲಿ ಎಳೆ ಕೂಸಿದ್ದರೆ ಅದು ಇನ್ನೂ ಜೋರಾಗಿ ಅನ್ನಿಸುತ್ತದೆ. ನಿದ್ದೆ ಇಲ್ಲ, ಮೈ ಇನ್ನೂ ಸರಿಹೋಗಿಲ್ಲ, ಜೊತೆಗಿರಬೇಕಾದವರು ಜೊತೆಗಿಲ್ಲ. ಬೇರೆ ದೇಶದಲ್ಲಿರುವ ಅಮ್ಮನೋ ಅಕ್ಕನೋ ಫೋನ್ ಮಾಡಿ "ಬಂದುಬಿಡು, ನಾವಿದ್ದೀವಲ್ಲ" ಅನ್ನುತ್ತಾರೆ.

ನನ್ನ ಮಗುವಿಗೆ ಮೂರು ತಿಂಗಳಾಗಿದ್ದಾಗ ನಾನೂ ಇದೇ ಸ್ಥಿತಿಯಲ್ಲಿದ್ದೆ. ಬೆಳಗಿನ ಜಾವ ಮೂರು ಗಂಟೆ. ಎಡಗೈಯಲ್ಲಿ ಮಗು ಹಾಲು ಕುಡಿಯುತ್ತಿತ್ತು, ಬಲಗೈ ಹೆಬ್ಬೆರಳಲ್ಲಿ ಟಿಕೆಟ್‌ಗೆ ಕಾರ್ಡ್ ನಂಬರ್ ಒತ್ತುತ್ತಿದ್ದೆ. ಕೊನೆಯ ಮೂರು ಅಂಕಿ ನೋಡಲು ಕಾರ್ಡ್ ತಿರುಗಿಸಬೇಕಿತ್ತು. ಒಂದೇ ಕೈಯಲ್ಲಿ ಆಗಲಿಲ್ಲ, ಕಾರ್ಡ್ ಜಾರಿ ಮಂಚದ ಕೆಳಗೆ ಹೋಯಿತು. ಬಗ್ಗಿದರೆ ಮಗು ಎಚ್ಚರವಾಗುತ್ತದೆ ಅಂತ ಹಾಗೇ ಬಿಟ್ಟೆ. ಬೆಳಗ್ಗೆ ಒಬ್ಬ ವಕೀಲೆಗೆ ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಆಕೆ ಒಂದೇ ಪ್ರಶ್ನೆ ಕೇಳಿದರು: "ಮಗುವಿನ ಅಪ್ಪ ಒಪ್ಪಿದ್ದಾರಾ? ಬರೆದು ಕೊಟ್ಟಿದ್ದಾರಾ?" ಹಾಗೆ ಬರೆಸಿಕೊಳ್ಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಟಿಕೆಟ್ ತೆಗೆದದ್ದು ಅದಾಗಿ ಏಳು ತಿಂಗಳ ಮೇಲೆ.

ಈಗ ಅದೇ ತೊಳಲಾಟದಲ್ಲಿರುವವರು ನನ್ನನ್ನು ಕೇಳುತ್ತಾರೆ, ಹೋಗಲಾ, ಇರಲಾ ಅಂತ. ಇದು ಎರಡು ದಾರಿಯ ಪ್ರಶ್ನೆಯಲ್ಲ, ನಾಲ್ಕು ದಾರಿಗಳಿವೆ. ಸದ್ಯಕ್ಕೆ ಇದ್ದಲ್ಲೇ ಇರುವುದು. ಕೆಲವು ವಾರಕ್ಕೆ ಹೋಗಿ ವಾಪಸ್ ಬರುವುದು. ಇನ್ನೊಬ್ಬ ಪೋಷಕರ ಒಪ್ಪಿಗೆ ಪಡೆದು ಪೂರ್ತಿ ಹೋಗುವುದು. ಒಪ್ಪದಿದ್ದರೆ ಕೋರ್ಟಿನ ಅನುಮತಿ ಪಡೆದು ಹೋಗುವುದು. ಐದನೆಯದೂ ಒಂದಿದೆ, ಯಾರಿಗೂ ಹೇಳದೆ ಹೊರಟುಬಿಡುವುದು. ಅದನ್ನು ನಾನು ದಾರಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಅದೇ, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಹೇಳಬೇಕಾಗುತ್ತದೆ.

ತಾಯಿಯ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ, ನನಗೆ ಗೊತ್ತಿರುವುದು ಅದು. ಮಗುವನ್ನು ನೋಡಿಕೊಳ್ಳುತ್ತಿರುವವರು ತಂದೆಯಾದರೂ ಕಾನೂನು ಹೆಚ್ಚುಕಡಿಮೆ ಇದೇ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಅನುಮತಿ. ಮಗುವಿನ ಮೇಲೆ ಕಾನೂನಿನ ಹಕ್ಕು ಯಾರಿಗಿದೆ, ದೇಶ ದಾಟಿಸಲು ಯಾರ ಸಹಿ ಬೇಕು. ಮದುವೆಯಾದವರಿಗೆ ಸಾಮಾನ್ಯವಾಗಿ ಇಬ್ಬರಿಗೂ ಸಮ ಹಕ್ಕಿರುತ್ತದೆ. ಬೇರೆ ಬೇರೆ ಮನೆಯಲ್ಲಿದ್ದೀರಿ, ಅವರು ಒಂದು ಪ್ಯಾಕೆಟ್ ಡೈಪರ್ ಕೂಡ ತಂದುಕೊಟ್ಟಿಲ್ಲ ಅನ್ನುವುದರಿಂದ ಆ ಹಕ್ಕು ಹೋಗುವುದಿಲ್ಲ.

ಎರಡನೆಯದು ವಾಪಸ್ ಬರುವ ಬಾಗಿಲು. ಹೋದಮೇಲೆ ಸರಿಬರಲಿಲ್ಲ ಅಂದರೆ ಮತ್ತೆ ಬರಬಹುದಾ? ವೀಸಾ ಉಳಿದಿರುತ್ತದಾ? ಬಂದರೆ ಕೇಸು ಕಾದಿರುತ್ತದಾ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅಳತೆಗೋಲು. ಹೆರಿಗೆಯಾದ ಮೊದಲ ವರ್ಷ ಯಾರೂ ತಮ್ಮ ಬುದ್ಧಿಯನ್ನು ಪೂರ್ತಿ ನಂಬಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಗಷ್ಟೇ ಹೆತ್ತ ಹೆಂಗಸರಲ್ಲಿ ಸುಮಾರು 13% ಮಂದಿಗೆ ಮಾನಸಿಕ ಕಾಯಿಲೆ ಕಾಡುತ್ತದೆ, ಅದರಲ್ಲಿ ಖಿನ್ನತೆಯೇ ಮುಖ್ಯ. ಮದುವೆ ಮುರಿದ ನೋವು ಅದರ ಮೇಲೆ ಬಂದು ಕೂತಿರುತ್ತದೆ. ಇಂಥ ಹೊತ್ತಿನಲ್ಲಿ ಮಾಡಿದ ತೀರ್ಮಾನ ಬದಲಾಯಿಸಲು ಬರುವಂತಿರಬೇಕು.

ಮೂರನೆಯದು ಕೈಗಳು. ರಾತ್ರಿ ಮೂರಕ್ಕೆ ಮಗು ಅತ್ತರೆ ನಿಮ್ಮನ್ನು ಬಿಟ್ಟು ಇನ್ಯಾರು ಎತ್ತಿಕೊಳ್ಳುತ್ತಾರೆ? "ನಾವಿದ್ದೀವಲ್ಲ" ಅಂದವರು ನಿಜಕ್ಕೂ ಇರುತ್ತಾರಾ, ಎಷ್ಟು ದಿನ? ಅಮ್ಮನ ಮಂಡಿ ನೋವು, ಅಕ್ಕನ ಆಫೀಸು, ತಮ್ಮನ ಹೆಂಡತಿಗೆ ಇದು ಇಷ್ಟವಾ, ಎಲ್ಲವನ್ನೂ ಹೆಸರು ಹಿಡಿದು, ವಾರ ಹಿಡಿದು ಕೇಳಿಕೊಳ್ಳಿ. ನಾನು ಒಂದು ಹಾಳೆಯಲ್ಲಿ ಏಳು ದಿನ ಬರೆದು ಪ್ರತಿ ರಾತ್ರಿಯ ಮುಂದೆ ಒಂದು ಹೆಸರು ಹಾಕಲು ನೋಡಿದೆ. ಎರಡು ರಾತ್ರಿ ಖಾಲಿ ಉಳಿದವು. ಖಾಲಿ ಉಳಿದದ್ದು ಗೊತ್ತಾದದ್ದೇ ಒಳ್ಳೆಯದಾಯಿತು.

ನಾಲ್ಕನೆಯದು ವೀಸಾ ಮತ್ತು ದುಡ್ಡು. ಇವೆರಡೂ ಜೊತೆಯಲ್ಲೇ ಬರುತ್ತವೆ, ಕೆಲಸ ಮಾಡಲು ವೀಸಾ ಬಿಡದಿದ್ದರೆ ದುಡ್ಡಿನ ಮಾತೇ ಇಲ್ಲ. ಐದನೆಯದು ಮಗುವಿನ ವಯಸ್ಸು. ಆರನೆಯದು, ಹೇಳಲು ಕಷ್ಟವಾದರೂ ಹೇಳಲೇಬೇಕಾದದ್ದು: ಇನ್ನೊಬ್ಬ ಪೋಷಕರ ಜೊತೆ ಮಗುವಿನ ನಂಟು. ನಿಮಗೆ ಅವರ ಮುಖ ನೋಡುವುದು ಬೇಡವಾಗಿರಬಹುದು. ಮಗುವಿಗೆ ಹತ್ತು ವರ್ಷವಾದಾಗ ಬೇಕೆನಿಸಬಹುದು.

ಹೇಳದೆ ಹೊರಟರೆ ಏನಾಗುತ್ತದೆ

"ನನ್ನ ಮಗು, ನಾನು ಕರೆದುಕೊಂಡು ಹೋಗುತ್ತೇನೆ, ಅದರಲ್ಲಿ ಕದಿಯುವುದೇನು ಬಂತು" ಅನ್ನಿಸುವುದು ಸಹಜ. ಕಾನೂನು ಹಾಗೆ ನೋಡುವುದಿಲ್ಲ. 1980ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಆದ ಮಕ್ಕಳ ಅಪಹರಣದ ಒಪ್ಪಂದ ಇಂಥದ್ದಕ್ಕೆಂದೇ ಇರುವುದು. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. 16 ವರ್ಷದೊಳಗಿನ ಮಗುವನ್ನು, ಇನ್ನೊಬ್ಬರ ಕಸ್ಟಡಿ ಹಕ್ಕನ್ನು ಮೀರಿ, ಅದು ಮಾಮೂಲಾಗಿ ವಾಸವಿದ್ದ ದೇಶದಿಂದ ಹೊರಗೆ ಒಯ್ದರೆ ಅಥವಾ ಹೊರಗೇ ಉಳಿಸಿಕೊಂಡರೆ, ಮಗುವನ್ನು ಬೇಗ ವಾಪಸ್ ಕಳಿಸಬೇಕು. ಇದು ಅದರ ತಿರುಳು. ಮಗು ಯಾರ ಬಳಿ ಇರಬೇಕು ಅನ್ನುವುದನ್ನು ನೀವು ಹೋಗಿ ಸೇರಿದ ದೇಶದ ಕೋರ್ಟು ಆಗ ನೋಡುವುದಿಲ್ಲ. ಅದು ಹಳೆಯ ದೇಶದ ಕೋರ್ಟಿನ ಕೆಲಸ. ಆರು ವಾರದಲ್ಲಿ ತೀರ್ಮಾನ ಆಗಬೇಕು ಅನ್ನುವ ಗುರಿಯೂ ಒಪ್ಪಂದದಲ್ಲೇ ಇದೆ, ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ.

ಈ ಒಪ್ಪಂದ ಮಾಡುವಾಗ ಎಲ್ಲರ ತಲೆಯಲ್ಲಿದ್ದದ್ದು ಮಗುವನ್ನು ಕಿತ್ತುಕೊಂಡು ಓಡಿಹೋಗುವ ಅಪ್ಪಂದಿರು. ಆದರೆ ಹೇಗ್ ಒಪ್ಪಂದದಡಿ ಬಂದ ಅರ್ಜಿಗಳ ಅಂಕಿಅಂಶ ನೋಡಿದರೆ, ಮಗುವನ್ನು ಕರೆದೊಯ್ದವರಲ್ಲಿ ಸುಮಾರು ಮುಕ್ಕಾಲು ಪಾಲು ತಾಯಂದಿರು. ಎಷ್ಟೋ ಮಂದಿ ತವರಿಗೆ ಹೊರಟವರು.

"ಇಷ್ಟು ಚಿಕ್ಕ ಕೂಸಿಗೆ ಮಾಮೂಲಿ ವಾಸ ಅಂತ ಒಂದು ದೇಶ ಇರುತ್ತದಾ?" ಇದನ್ನು ನಾನೇ ನನ್ನ ವಕೀಲೆಗೆ ಕೇಳಿದ್ದೆ. ಆಕೆ ಒಂದು ಪ್ರಕರಣ ತೋರಿಸಿದರು. ಇಟಲಿಯಲ್ಲಿ 2015ರಲ್ಲಿ ಹುಟ್ಟಿದ ಮಗು. ತಾಯಿ ಅಮೆರಿಕದವರು. ಗಂಡ ಹೊಡೆಯುತ್ತಾನೆಂದು ಹೇಳಿ ಮೊದಲು ಅಲ್ಲಿನ ಆಶ್ರಯಧಾಮ ಸೇರಿದರು, ಮಗುವಿಗೆ ಎಂಟು ವಾರವಾದಾಗ ಅಮೆರಿಕಕ್ಕೆ ಹೋದರು. ಅಲ್ಲಿನ ಕೋರ್ಟು ಮಗುವಿನ ವಾಸದ ದೇಶ ಇಟಲಿಯೇ ಅಂದಿತು, ಎರಡು ವರ್ಷ ತುಂಬುವ ಹೊತ್ತಿಗೆ ಮಗು ಇಟಲಿಗೆ ವಾಪಸ್ ಹೋಯಿತು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಮಗು ಎಲ್ಲಿರಬೇಕೆಂದು ಅಪ್ಪ ಅಮ್ಮ ಒಪ್ಪಂದ ಮಾಡಿಕೊಂಡಿರಲೇಬೇಕು ಅಂತಿಲ್ಲ, ಸುತ್ತಲಿನ ಎಲ್ಲ ಸಂಗತಿಗಳನ್ನೂ ನೋಡಿ ತೀರ್ಮಾನಿಸಬೇಕು ಅಂದಿತು. ಎಂಟು ವಾರ! ಅದನ್ನು ಓದಿದ ದಿನ ನಾನು ಟಿಕೆಟ್ ಪುಟ ಮುಚ್ಚಿದೆ.

ವಾಪಸ್ ಕಳಿಸದಿರಲು ಕಾರಣಗಳೂ ಒಪ್ಪಂದದಲ್ಲಿವೆ. ಇನ್ನೊಬ್ಬರು ಮೊದಲೇ ಒಪ್ಪಿದ್ದರು ಅಥವಾ ಆಮೇಲೆ ಸಮ್ಮತಿಸಿದರು ಅಂತ ತೋರಿಸುವುದು ಒಂದು. ಅರ್ಜಿ ಹಾಕಲು ಒಂದು ವರ್ಷಕ್ಕಿಂತ ತಡಮಾಡಿದರು, ಅಷ್ಟರಲ್ಲಿ ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದೆ ಅನ್ನುವುದು ಇನ್ನೊಂದು. ಮೂರನೆಯದು, ವಾಪಸ್ ಹೋದರೆ ಮಗುವಿಗೆ ಗಂಭೀರ ಅಪಾಯವಿದೆ ಅನ್ನುವುದು. ಇದು 13ನೇ ವಿಧಿಯಲ್ಲಿ ಬರುತ್ತದೆ. ಓದಲು ಸುಲಭ, ಕೋರ್ಟಿನಲ್ಲಿ ಸಾಬೀತು ಮಾಡಲು ಕಷ್ಟ. ಇವನ್ನು ನೆಚ್ಚಿಕೊಂಡು ದೇಶ ಬಿಡಬೇಡಿ.

ಇಷ್ಟೇ ಅಲ್ಲ, ಕೆಲವು ಕಡೆ ಇದು ಜೈಲಿನ ವಿಷಯ. ಅಮೆರಿಕದ 1993ರ ಕಾಯ್ದೆಯಡಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಇಂಗ್ಲೆಂಡಿನಲ್ಲೂ ಬೇಕಾದ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನ ಮಗುವನ್ನು ದೇಶದಿಂದ ಒಯ್ಯುವುದು 1984ರ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ಮಾತು ಹಲವರ ಬಾಯಲ್ಲಿ ಕೇಳಿದ್ದೇನೆ: "ಭಾರತ ಆ ಒಪ್ಪಂದದಲ್ಲಿ ಇಲ್ಲವಲ್ಲ, ಅಲ್ಲಿಗೆ ಹೋದರೆ ಯಾರೇನು ಮಾಡುತ್ತಾರೆ?" ಭಾರತ ಇಲ್ಲದಿರುವುದು ನಿಜ. ಅಲ್ಲಿನ ಕೋರ್ಟುಗಳು ಮಗುವಿನ ಹಿತವನ್ನು ಮುಂದಿಟ್ಟುಕೊಂಡು ಒಂದೊಂದು ಪ್ರಕರಣವನ್ನೂ ಬೇರೆಬೇರೆಯಾಗಿ ನೋಡುತ್ತವೆ. ಮಗು ವಾಪಸ್ ಹೋಗಲಿ ಅಂದ ತೀರ್ಪುಗಳೂ ಇವೆ, ಬೇಡ ಅಂದವೂ ಇವೆ. ಅಂದರೆ ನೀವು ಹೋಗಿ ಸೇರುವುದು ಏನಾಗುತ್ತದೋ ಗೊತ್ತಿಲ್ಲದ ಜಾಗಕ್ಕೆ. ಹಳೆಯ ದೇಶದಲ್ಲಿ ಕೇಸು ಹಾಗೇ ಇರುತ್ತದೆ. ಆ ದೇಶದಲ್ಲಿ ಇಳಿಯಲು ನಿಮಗೆ ಭಯ, ಮಗುವಿಗೆ ಅಪ್ಪನ ಕಡೆಯವರು ಸಿಗುವುದಿಲ್ಲ. ನಾಳೆ ಮಗು ಓದಲು ಅಲ್ಲಿಗೇ ಹೋಗಬೇಕು ಅಂದರೆ?

ಅಳತೆಗೋಲಿಗೆ ಹಿಡಿದು ನೋಡಿ. ಅನುಮತಿ ಇಲ್ಲ, ವಾಪಸ್ ಬಾಗಿಲು ಮುಚ್ಚಿತು, ಮಗುವಿಗೆ ಒಬ್ಬ ಪೋಷಕರ ನಂಟು ಹೋಯಿತು. ಸಿಕ್ಕಿದ್ದು ಕೈಗಳು ಮಾತ್ರ. ಆ ಕೈಗಳು ಬೇರೆ ದಾರಿಯಲ್ಲೂ ಸಿಗುತ್ತವೆ.

ಸದ್ಯಕ್ಕೆ ಇದ್ದಲ್ಲೇ ಇರುವುದು

ಇದನ್ನು ಯಾರೂ ಆಯ್ಕೆ ಅಂತ ನೋಡುವುದಿಲ್ಲ, ಸೋತು ಕೂತಂತೆ ಅಂದುಕೊಳ್ಳುತ್ತಾರೆ. ನಾನು ಹೆಚ್ಚಿನವರಿಗೆ ಮೊದಲ ಆರು ತಿಂಗಳಿಗೆ ಹೇಳುವುದು ಇದನ್ನೇ. ಆದರೆ ಒಂದು ಷರತ್ತಿದೆ: ಕೈಗಳನ್ನು ನೀವಿರುವಲ್ಲಿಗೇ ತರಿಸಿಕೊಳ್ಳಬೇಕು. ನೀವು ಅಮ್ಮನ ಬಳಿ ಹೋಗುವ ಬದಲು ಅಮ್ಮ ನಿಮ್ಮ ಬಳಿ ಬರಬಹುದಾ ನೋಡಿ. ಬ್ರಿಟನ್ನಿನ ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳವರೆಗೆ ಇರಬಹುದು. ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಒಬ್ಬ ದೊಡ್ಡವರಿಗೆ ಹೋಗಿಬರುವ ಟಿಕೆಟ್ ತೆಗೆಯುವುದು ಒಂದು ಮನೆಯನ್ನೇ ಎತ್ತಿ ಸಾಗಿಸುವುದಕ್ಕಿಂತ ಎಷ್ಟೋ ಅಗ್ಗ.

ಇರುವುದರಿಂದ ಇನ್ನೂ ಕೆಲವು ಲಾಭಗಳಿವೆ. ಡೈವೋರ್ಸ್, ಜೀವನಾಂಶ, ಕಸ್ಟಡಿ ಮೂರೂ ಒಂದೇ ಕೋರ್ಟಿನ ಕೈಯಲ್ಲಿರುತ್ತವೆ. ಹೆರಿಗೆ ರಜೆಯ ಸಂಬಳ, ಆರೋಗ್ಯ ವಿಮೆ, ಮಗುವಿನ ಡಾಕ್ಟರು ಹಾಗೇ ಉಳಿಯುತ್ತವೆ. ಮುಂದೆ ಹೋಗಲೇಬೇಕು ಅಂತ ಕೋರ್ಟಿಗೆ ಕೇಳುವಾಗ, ಇಷ್ಟು ದಿನ ಮಗುವನ್ನು ಅಪ್ಪನ ಜೊತೆ ಸಮಯ ಕಳೆಯಲು ಬಿಟ್ಟಿದ್ದೀರಿ ಅನ್ನುವುದು ನಿಮ್ಮ ಪರವಾಗೇ ನಿಲ್ಲುತ್ತದೆ.

ಎಲ್ಲಿ ಕೈಕೊಡುತ್ತದೆ ಅಂದರೆ ವೀಸಾದಲ್ಲಿ. ಗಂಡನ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದವರಿಗೆ, ಮದುವೆ ಮುಗಿದರೆ ಆ ವೀಸಾಗೆ ಆಧಾರವೇ ಇರುವುದಿಲ್ಲ. ಎಷ್ಟು ದಿನ ಉಳಿಯಬಹುದು, ಬೇರೆ ವೀಸಾಗೆ ಬದಲಾಯಿಸಿಕೊಳ್ಳಬಹುದಾ ಅನ್ನುವುದನ್ನು ಡೈವೋರ್ಸ್ ಅರ್ಜಿಗೆ ಸಹಿ ಹಾಕುವ ಮೊದಲೇ ವಲಸೆ ಕಾನೂನಿನ ವಕೀಲರನ್ನು ಕೇಳಿ. ಕುಟುಂಬ ಕಾನೂನಿನ ವಕೀಲರಿಗೆ ಇದು ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ನನ್ನ ಕೇಸಿನಲ್ಲಿ ಇಬ್ಬರೂ ಬೇಕಾದರು. ಮನೆಯಲ್ಲಿ ಹಿಂಸೆ ಇದ್ದರೆ ಕೆಲವು ದೇಶಗಳು ಗಂಡನ ಹಂಗಿಲ್ಲದೆ ಉಳಿಯಲು ದಾರಿ ಕೊಡುತ್ತವೆ. ಅಮೆರಿಕದಲ್ಲಿ 1994ರಿಂದ ಇಂಥ ಕಾನೂನಿದೆ, ಅಲ್ಲಿನ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಇರುವವರ ಹೆಂಡತಿ ತಾನೇ ಅರ್ಜಿ ಹಾಕಬಹುದು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಪಾರ್ಟ್‌ನರ್ ವೀಸಾದವರಿಗೆ ಅಂಥ ಏರ್ಪಾಡಿದೆ.

ಕೆಲವು ವಾರಕ್ಕೆ ಹೋಗಿಬರುವುದು

ಮನಸ್ಸಿಗೆ ಇದು ತುಂಬ ಹಿತ, ಒಪ್ಪುತ್ತೇನೆ. ತಾಯಿಮನೆಯಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದರೆ ಅರ್ಧ ಸಮಸ್ಯೆ ಬೇರೆಯೇ ಥರ ಕಾಣುತ್ತದೆ. ಇನ್ನೊಬ್ಬರು ಪೂರ್ತಿ ವಲಸೆಗೆ ಒಪ್ಪದಿದ್ದರೂ ಇದಕ್ಕೆ ಒಪ್ಪುವ ಸಾಧ್ಯತೆ ಜಾಸ್ತಿ. ಇಂಗ್ಲೆಂಡಿನಲ್ಲಿ, ಮಗು ನಿಮ್ಮೊಂದಿಗೆ ವಾಸ ಅಂತ ಕೋರ್ಟ್ ಆದೇಶ ಇದ್ದರೆ, ಒಂದು ತಿಂಗಳಿಗಿಂತ ಕಡಿಮೆ ದಿನದ ಪ್ರವಾಸಕ್ಕೆ ಒಪ್ಪಿಗೆಯೂ ಬೇಕಿಲ್ಲ. ಆದೇಶ ಇಲ್ಲದಿದ್ದರೆ ಬೇಕು.

ಇದರಲ್ಲಿ ಎರಡು ಗುಂಡಿಗಳಿವೆ. ಒಂದು, ನೀವೇ ತೋಡಿಕೊಳ್ಳುವ ಗುಂಡಿ. ಆರು ವಾರ ಅಂತ ಹೇಳಿ ಹೋದವರು "ಇನ್ನು ಸ್ವಲ್ಪ ದಿನ" ಅಂತ ಉಳಿದರೆ, ಒಪ್ಪಿದ ದಿನ ದಾಟಿದ ಕೂಡಲೇ ಅದು ಮಗುವನ್ನು ತಡೆದಿಟ್ಟುಕೊಂಡಂತೆ. ಹೇಗ್ ಒಪ್ಪಂದ ಒಯ್ಯುವುದನ್ನೂ ಉಳಿಸಿಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತದೆ. ಹಾಗಾಗಿ ಹೋಗುವ ದಿನ, ಬರುವ ದಿನ ಎರಡೂ ಬರಹದಲ್ಲಿರಲಿ. ದಿನ ಮುಂದಕ್ಕೆ ಹಾಕಬೇಕಾದರೆ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ಇನ್ನೊಂದು ಗುಂಡಿ ಬೇರೆಯವರು ತೋಡುವುದು. "ಸ್ವಲ್ಪ ದಿನ ಅಮ್ಮನ ಮನೆಯಲ್ಲಿರು" ಅಂತ ಕಳಿಸಿಕೊಟ್ಟು, ಹಿಂದಿನಿಂದ ವೀಸಾ ರದ್ದು ಮಾಡಿಸುವವರಿದ್ದಾರೆ. ತಾವೇ ಕರೆದುಕೊಂಡು ಹೋಗಿ, ಹೆಂಡತಿಯ ಪಾಸ್‌ಪೋರ್ಟ್ ಎತ್ತಿಕೊಂಡು, ಕೆಲವು ಸಲ ಮಗುವನ್ನೂ ಎತ್ತಿಕೊಂಡು, ವಾಪಸ್ ಬಂದುಬಿಡುವವರೂ ಇದ್ದಾರೆ. ಸಂಬಂಧ ಹಳಸಿದ ಮೇಲೆ ಹೀಗೆ ಇದ್ದಕ್ಕಿದ್ದಂತೆ ರಜೆಯ ಮಾತು ಬಂದರೆ, ಮೊದಲು ನಿಮ್ಮ ವೀಸಾ ಎಲ್ಲಿ ನಿಂತಿದೆ ನೋಡಿ. ಎಲ್ಲ ಕಾಗದಗಳ ಫೋಟೊ ತೆಗೆದು ನಂಬುಗೆಯ ಒಬ್ಬರಿಗೆ ಕಳಿಸಿಡಿ. ಕಾಯಂ ವಾಸದ ಹಕ್ಕಿದ್ದವರೂ ನಿರಾಳವಾಗಿರುವಂತಿಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಇರುವವರು ರೀ-ಎಂಟ್ರಿ ಪರ್ಮಿಟ್ (ಮತ್ತೆ ಒಳಬರಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ಒಂದು ವರ್ಷಕ್ಕಿಂತ ಜಾಸ್ತಿ ಹೊರಗುಳಿದರೆ, ಅದನ್ನು ಕೈಬಿಟ್ಟಂತೆ ಎಣಿಸಬಹುದು.

ಒಪ್ಪಿಗೆ ಪಡೆದು ಹೋಗುವುದು

ಹೋಗಲೇಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಖರ್ಚು ಕಡಿಮೆ, ಜಗಳ ಕಡಿಮೆ, ಬಾಗಿಲೂ ತೆರೆದಿರುತ್ತದೆ. ಆದರೆ ಸುಮ್ನೆ ಸಿಗುವುದಿಲ್ಲ, ಏನಾದರೂ ಕೊಡಬೇಕು.

ಒಪ್ಪುವವರ ಕಡೆಯಿಂದ ಒಮ್ಮೆ ಯೋಚಿಸಿ. ಮಗು ಕಾನೂನುಬದ್ಧವಾಗಿ ಹೊಸ ದೇಶಕ್ಕೆ ಹೋಗಿ ನೆಲೆಸಿದರೆ, ಮುಂದೆ ಮಗುವಿನ ವಿಚಾರ ನೋಡುವುದು ಸಾಮಾನ್ಯವಾಗಿ ಆ ದೇಶದ ಕೋರ್ಟು. ಇಂದು ಕೊಟ್ಟ ಮಾತನ್ನು ನೀವು ನಾಳೆ ಮುರಿದರೆ ಅವರು ಅಲ್ಲಿಗೆ ಬಂದು ಹೋರಾಡಬೇಕು. ಅವರ ಭಯ ಇದು. ನನ್ನ ಮಗುವಿನ ಅಪ್ಪ ಹಟಕ್ಕೆ ಬಿದ್ದು ಬೇಡ ಅನ್ನುತ್ತಿದ್ದಾರೆ ಅಂತ ನನಗೆ ಅನ್ನಿಸಿತ್ತು. ಮಧ್ಯಸ್ಥಿಕೆಯ ಮೂರನೇ ಸಭೆಯಲ್ಲಿ ಅವರು "ಇವಳು ಫೋನ್ ಎತ್ತದಿದ್ದರೆ ನಾನೇನು ಮಾಡಲಿ" ಅಂದಾಗಲೇ ನನಗೆ ಇದು ಅರ್ಥವಾದದ್ದು. ಆ ಭಯಕ್ಕೆ ಮದ್ದು ಮಿರರ್ ಆರ್ಡರ್. ಇಲ್ಲಿನ ಕೋರ್ಟು ಕೊಟ್ಟ ಆದೇಶದ ಪಡಿಯಚ್ಚನ್ನೇ, ಹೊರಡುವ ಮೊದಲೇ, ಅಲ್ಲಿನ ಕೋರ್ಟಿನಿಂದಲೂ ಪಡೆಯುವುದು. ಎರಡೂ ದೇಶ 1996ರ ಹೇಗ್ ಮಕ್ಕಳ ರಕ್ಷಣೆಯ ಒಪ್ಪಂದದಲ್ಲಿದ್ದರೆ ಒಂದರ ಆದೇಶವನ್ನು ಇನ್ನೊಂದು ಮಾನ್ಯ ಮಾಡುತ್ತದೆ, ಕೆಲಸ ಹಗುರ. ಮಗುವಿನ ಖರ್ಚಿನ ಹಣ ಗಡಿ ದಾಟಿ ಬರಬೇಕಾದರೆ 2007ರ ಜೀವನಾಂಶದ ಒಪ್ಪಂದದಲ್ಲಿ ಎರಡೂ ದೇಶ ಇವೆಯಾ ಅಂತಲೂ ನೋಡಿಸಿ. ಇಲ್ಲದಿದ್ದರೆ ತಿಂಗಳ ಹಣದ ಬದಲು ಒಂದೇ ಗಂಟು ಕೇಳುವುದು ಒಳ್ಳೆಯದು. ಅದನ್ನೂ ಅಲ್ಲಿನ ಕಾನೂನು ಒಪ್ಪುತ್ತದಾ ಅಂತ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಒಪ್ಪಂದದಲ್ಲಿ "ಆಗಾಗ ಭೇಟಿ" ಅಂತ ಬರೆಯಬೇಡಿ. ವಾರಕ್ಕೆ ಎಷ್ಟು ವಿಡಿಯೊ ಕಾಲ್, ಯಾವ ದೇಶದ ಎಷ್ಟು ಗಂಟೆಗೆ, ವರ್ಷಕ್ಕೆ ಎಷ್ಟು ಭೇಟಿ, ಟಿಕೆಟ್ ಯಾರದ್ದು, ಪಾಸ್‌ಪೋರ್ಟ್ ನವೀಕರಣಕ್ಕೆ ಯಾರು ಸಹಿ ಹಾಕಬೇಕು, ಎಲ್ಲ ಬರೆಯಿರಿ. ಹಸುಗೂಸಿಗೆ ವಿಡಿಯೊ ಕಾಲ್ ಏನು ಪ್ರಯೋಜನ ಅನ್ನಬೇಡಿ. 18 ತಿಂಗಳೊಳಗಿನ ಮಕ್ಕಳಿಗೆ ಸ್ಕ್ರೀನೇ ಬೇಡ ಅನ್ನುವ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಆದರೆ ಕೂಸು ನೆನಪಿಟ್ಟುಕೊಳ್ಳುವುದು ಮೈವಾಸನೆ, ಎತ್ತಿಕೊಳ್ಳುವ ರೀತಿ. ಮೊದಲ ಎರಡು ವರ್ಷ ವರ್ಷಕ್ಕೊಮ್ಮೆಯ ಒಂದು ಉದ್ದ ಭೇಟಿಗಿಂತ, ಆಗುವುದಾದರೆ, ಸಣ್ಣ ಸಣ್ಣ ನಾಲ್ಕು ಭೇಟಿ ಮೇಲು.

ಕೋರ್ಟಿನ ಅನುಮತಿ

ಮಾತು ಪೂರ್ತಿ ಮುರಿದುಹೋಗಿದ್ದರೆ ಉಳಿಯುವುದು ಇದೇ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವೆಡೆ ವರ್ಷ ದಾಟುತ್ತದೆ. ನಾಲ್ಕರಲ್ಲಿ ಖರ್ಚು ಜಾಸ್ತಿ ಇದಕ್ಕೇ. ಸೋಲುವ ಸಾಧ್ಯತೆಯೂ ಇದೆ, ಸೋತರೆ ಅದೇ ಊರಿನಲ್ಲಿ, ಇನ್ನಷ್ಟು ಕಹಿಯಾದ ಸಂಬಂಧದ ಜೊತೆ ಬದುಕಬೇಕು.

ನ್ಯಾಯಾಧೀಶರು ಬಹುಪಾಲು ನೋಡುವುದು ನಿಮ್ಮ ಯೋಜನೆ ಎಷ್ಟು ಗಟ್ಟಿ ಅಂತ. ಎಲ್ಲಿ ಇರುತ್ತೀರಿ, ಕೆಲಸ ಏನು, ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ, ಡಾಕ್ಟರು ಯಾರು, ಅಪ್ಪನ ಭೇಟಿ ಹೇಗೆ ನಡೆಯುತ್ತದೆ. "ಅಲ್ಲಿ ನಮ್ಮವರಿದ್ದಾರೆ" ಅನ್ನುವ ಒಂದು ಸಾಲು ಸಾಲದು. ಆ ಏಳು ರಾತ್ರಿಯ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಪ್ಪನನ್ನು ದೂರ ಮಾಡಲೆಂದೇ ಹೊರಟಿದ್ದೀರಿ ಅಂತ ಅನ್ನಿಸಿದರೆ ಕೇಸು ಅಲ್ಲಿಗೇ ಕುಂಟುತ್ತದೆ. ಹಾಗಾಗಿ ಸಿಟ್ಟಿನಲ್ಲಿ ಕಳಿಸಿದ ಒಂದೊಂದು ಮೆಸೇಜೂ ಮುಂದೆ ಓದಲ್ಪಡುತ್ತದೆ ಅಂತ ತಿಳಿದುಕೊಂಡೇ ಬರೆಯಿರಿ.

ಮಗುವಿನ ವಯಸ್ಸು ನೋಡಿದರೆ

ಪ್ರಯಾಣದ ಮಟ್ಟಿಗೆ ಮೂರರಿಂದ ಏಳು ತಿಂಗಳೊಳಗೆ ಸುಲಭ ಅಂತ ನನ್ನ ಅನುಭವ. ತೆವಳಲು ಶುರುಮಾಡಿಲ್ಲ, ವಿಮಾನದ ಪುಟ್ಟ ತೊಟ್ಟಿಲು, ಅಂದರೆ ಬ್ಯಾಸಿನೆಟ್‌ನಲ್ಲಿ ಹಿಡಿಸುತ್ತದೆ, ಅಪರಿಚಿತರನ್ನು ಕಂಡರೆ ಅಳುವುದಿಲ್ಲ. ಎಂಟು ಒಂಬತ್ತು ತಿಂಗಳಿಂದ ಅಗಲಿಕೆಯ ಭಯ ಶುರುವಾಗುತ್ತದೆ, ಒಂದೂವರೆ ವರ್ಷದವರೆಗೂ ಜೋರಾಗಿರುತ್ತದೆ. ನಾವು ಹೊರಟದ್ದು ಹತ್ತು ತಿಂಗಳಿಗೆ. ಅಜ್ಜಿ ಕೈ ಚಾಚಿದರೆ ನನ್ನ ಕುತ್ತಿಗೆ ಬಿಗಿದಪ್ಪಿ ಅರಚುತ್ತಿದ್ದಳು, ಮೂರು ವಾರ. ಆಮೇಲೆ ಅಜ್ಜಿಯನ್ನು ಬಿಡಿಸುವುದೇ ಕಷ್ಟವಾಯಿತು. ಹಾಗಾಗಿ "ಈಗ ಬಿಟ್ಟರೆ ಆಗುವುದೇ ಇಲ್ಲ" ಅನ್ನುವ ಅವಸರ ಬೇಡ. ಕಾಗದಕ್ಕಾಗಿ ಆರು ತಿಂಗಳು ಕಾದರೆ ಮಗುವಿಗೇನೂ ಆಗುವುದಿಲ್ಲ.

ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂತು ಹೋಗಬಹುದು, ಆದರೂ ಅದಕ್ಕೆ ತನ್ನದೇ ಪಾಸ್‌ಪೋರ್ಟ್ ಬೇಕು, ಅದಕ್ಕೆ ಹಲವು ದೇಶಗಳಲ್ಲಿ ಇಬ್ಬರ ಸಹಿಯೂ ಬೇಕು. ವಿಮಾನ ಏರುವಾಗ ಇಳಿಯುವಾಗ ಹಾಲು ಕುಡಿಸಿದರೆ ಕಿವಿ ಕಟ್ಟುವುದು ಕಡಿಮೆ. ಲಸಿಕೆಯ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಕ್ಷಯದ ಲಸಿಕೆ ಬಿಸಿಜಿಯನ್ನು ಕೆಲವು ದೇಶ ಹುಟ್ಟಿದ ಕೂಡಲೇ ಎಲ್ಲರಿಗೂ ಹಾಕುತ್ತವೆ, ಅಮೆರಿಕ ಹಾಕುವುದಿಲ್ಲ. ಆರರಿಂದ ಹನ್ನೊಂದು ತಿಂಗಳ ಮಗು ವಿದೇಶಕ್ಕೆ ಹೊರಟಿದ್ದರೆ ದಡಾರದ ಒಂದು ಡೋಸನ್ನು ಬೇಗ ಹಾಕಿಸಿ ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಅದು ಲೆಕ್ಕಕ್ಕಿಲ್ಲ, ವರ್ಷ ತುಂಬಿದ ಮೇಲೆ ಮತ್ತೆ ಎರಡು ಬೇಕು.

ಯಾರಿಗೆ ಯಾವುದು

ಡಿಪೆಂಡೆಂಟ್ ವೀಸಾ, ಸ್ವಂತ ಸಂಪಾದನೆ ಇಲ್ಲ, ಇನ್ನೊಬ್ಬರ ಜೊತೆ ಮಾತು ಇನ್ನೂ ಉಳಿದಿದೆ: ಒಪ್ಪಿಗೆಯ ದಾರಿ ಹಿಡಿಯಿರಿ, ಬೇಗ ಹಿಡಿಯಿರಿ. ವೀಸಾದ ದಿನಗಳು ಮುಗಿಯುತ್ತ ಬಂದಷ್ಟೂ ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಸ್ವಂತ ಕೆಲಸ, ಸ್ವಂತ ವೀಸಾ ಇದೆ, ಕೈಗಳು ಮಾತ್ರ ಇಲ್ಲ: ಇದ್ದಲ್ಲೇ ಇದ್ದು ಅಮ್ಮನನ್ನು ಕರೆಸಿಕೊಳ್ಳಿ. ಮಧ್ಯೆ ಒಮ್ಮೆ ಬರೆದ ಒಪ್ಪಿಗೆಯ ಜೊತೆ ಒಂದು ತಿಂಗಳು ಹೋಗಿಬನ್ನಿ. ವರ್ಷದ ಮೇಲೂ ಹೋಗಬೇಕು ಅನ್ನಿಸಿದರೆ ಆಗ ಅರ್ಜಿ ಹಾಕಿ.

ಮೂರನೆಯ ದೇಶದಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಅಲ್ಲಿ ನೆಂಟರು ಯಾರೂ ಇಲ್ಲ: ಸಂಬಳ ನೋಡಿ ಹಿಗ್ಗಬೇಡಿ. ಡೇಕೇರ್ ಖರ್ಚು, ಮಗುವಿಗೆ ಜ್ವರ ಬಂದ ದಿನ ಯಾರು ಅನ್ನುವ ಲೆಕ್ಕ ಕಳೆದು ಎಷ್ಟು ಉಳಿಯುತ್ತದೆ ನೋಡಿ. ಮಗುವಿಗೆ ಎರಡು ವರ್ಷ ತುಂಬುವವರೆಗೆ ನಾನಾದರೆ ಈ ಸಾಹಸಕ್ಕೆ ಕೈಹಾಕುವುದಿಲ್ಲ.

ಹಿಂಸೆ ಇದೆ: ಮೇಲಿನ ಲೆಕ್ಕ ನಿಮಗಲ್ಲ. ಮೊದಲು ಮನೆಯಿಂದ ಹೊರಬನ್ನಿ, ದೇಶದಿಂದ ಹೊರಹೋಗುವುದು ಆಮೇಲೆ. ಆಶ್ರಯಧಾಮ, ಪೊಲೀಸ್ ದೂರು, ಡಾಕ್ಟರ ಚೀಟಿ, ರಕ್ಷಣೆಯ ಆದೇಶ. ಇವೆಲ್ಲ ಅದೇ ದೇಶದಲ್ಲಿ ದಾಖಲಾದರೆ ನಾಳೆ ವಲಸೆಯ ಅನುಮತಿಗೂ, ಗಂಭೀರ ಅಪಾಯದ ವಾದಕ್ಕೂ ಆಧಾರವಾಗುತ್ತವೆ. ಒಪ್ಪಿಗೆಗಾಗಿ ಹೊಡೆಯುವವನ ಎದುರು ಒಬ್ಬರೇ ಕೂತು ಮಾತಾಡಲು ಹೋಗಬೇಡಿ, ಅದು ವಕೀಲರ ಕೆಲಸ.

ದುಡ್ಡು ತೀರಾ ಕಡಿಮೆಯಿದ್ದರೆ, ಇರುವಷ್ಟನ್ನು ಒಂದು ಗಂಟೆಯ ಒಳ್ಳೆಯ ವಕೀಲರ ಸಲಹೆಗೆ ಹಾಕಿ. ಉಚಿತ ಕಾನೂನು ನೆರವು ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಸಾಮಾನು ಸಾಗಿಸುವ ಖರ್ಚು ಉಳಿಸಬಹುದು. ತೊಟ್ಟಿಲು ಎಲ್ಲ ಕಡೆ ಸಿಗುತ್ತದೆ.

ಹೋಗುವುದೇ ಸರಿ ಅಂತ ತೀರ್ಮಾನವಾದರೆ, ಒಂದು ಫೈಲ್ ಮಾಡಿ. ಮಗುವಿನ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಅಥವಾ ಕೋರ್ಟ್ ಆದೇಶ, ಲಸಿಕೆ ಪುಸ್ತಕ, ಹೆರಿಗೆಯ ಡಿಸ್ಚಾರ್ಜ್ ಕಾಗದ. ಹೊಸ ದೇಶದಲ್ಲಿ ತೋರಿಸಬೇಕಾದವಕ್ಕೆ ಅಪೊಸ್ಟೈಲ್ (ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ) ಮಾಡಿಸಿ, ಹೊರಟಮೇಲೆ ಅದನ್ನು ಮಾಡಿಸುವುದು ದೊಡ್ಡ ತಲೆನೋವು. ಫೈಲನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ನಾನು ಡೈಪರ್ ಚೀಲದ ಹಿಂದಿನ ಜೇಬಿನಲ್ಲಿಟ್ಟಿದ್ದೆ. ವಲಸೆ ಕೌಂಟರಿನವರು ಮಗುವನ್ನು ನೋಡಿ, ನನ್ನನ್ನು ನೋಡಿ, "ತಂದೆ ಜೊತೆಗೆ ಬರುತ್ತಿಲ್ಲವಾ?" ಅಂದರು. ಪತ್ರ ತೆಗೆದುಕೊಟ್ಟೆ. ಒದ್ದೆ ಬಟ್ಟೆಯ ಪಕ್ಕ ಇದ್ದದ್ದರಿಂದ ಒಂದು ಮೂಲೆ ನೆನೆದಿತ್ತು. ಅವರು ಸಹಿ ಇರುವ ಸಾಲನ್ನು ಬೆರಳಿಟ್ಟು ಓದಿ, ಠಸ್ಸೆ ಒತ್ತಿ ವಾಪಸ್ ಕೊಟ್ಟರು.